ನೀರೋ ಗಡ್ಡೆಯೋ

"ಸೋಮವಾರ ಹತ್ತು ಗಂಟೆಗೆ ಆಸ್ಪತ್ರೆಯೋರು ನನ್ನ ಫೈಲು ನೋಡಿಸ್ತಾರಂತಮ್ಮ" ಎಂದು ಪಾರಿ ಚಪ್ಪಲಿ ಬಿಡುತ್ತಲೇ ಹೇಳಿದಳು. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಸಾಸಿವೆ ಸಿಡಿದು, ಕೆಂಪಾಗಿ, ಕಪ್ಪಾಗುವವರೆಗೂ ಸೌಟು ಹಿಡಿದು ನಿಂತೇ ಇದ್ದೆ.

"ಅಮ್ಮಾ, ಸೀದೋಯ್ತು."

"ಗೊತ್ತು ಕಣೆ."

"ನರ್ಸ್ ಕೆಲಸಕ್ಕೆ ಮೂವತ್ತು ಜನ ಬಂದಿದ್ರು, ನಾಲ್ಕು ಜನಾನೇ ಆರಿಸಿರೋದು. ಖುಷಿಪಡೋದು ಬಿಟ್ಟು ಹೆಂಗೆ ನಿಂತಿದೀಯ ನೋಡು, ಬೆಕ್ಕು ಕಂಡ ಇಲಿ ಥರ."

ಖುಷಿ ಆಗಲಿಲ್ಲ ಎಂದಲ್ಲ. ಹದಿನಾಲ್ಕು ವರ್ಷದಿಂದ ನಾನು ಅದೇ ಬಾಣಂತಿ ಆಸ್ಪತ್ರೆಯ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದೇನೆ. ದುಪ್ಪಟಿ, ದಿಂಬಿನ ಚೀಲ, ಕೂಸುಗಳಿಗೆ ಹಾಸುವ ಬಟ್ಟೆ. ಬಟ್ಟೆ ಸೋಡಾದ ನೀರು ನನ್ನ ಅಂಗೈಯ ಗೆರೆಗಳನ್ನೆಲ್ಲ ತಿಂದುಹಾಕಿದೆ. ಶಾಸ್ತ್ರ ಹೇಳುವವನೊಬ್ಬ ನನ್ನ ಕೈ ತಿರುಗಿಸಿ ನೋಡಿ, "ಏನೂ ಬರೆದೇ ಇಲ್ವಲ್ಲ ತಾಯಿ" ಎಂದು ದಕ್ಷಿಣೆ ತೆಗೆದುಕೊಳ್ಳದೆ ಎದ್ದುಹೋಗಿದ್ದ. ನನ್ನ ಮಗಳು ಅದೇ ಕಟ್ಟಡಕ್ಕೆ ಮುಂಬಾಗಿಲಿನಿಂದ, ಬಿಳಿ ಬಟ್ಟೆ ತೊಟ್ಟು, ದಾದಿಯಾಗಿ ಹೋಗಬೇಕು ಎಂಬುದನ್ನು ಬಿಟ್ಟರೆ ನನಗೆ ಬೇರೆ ಆಸೆ ಎಂಬುದು ಇರಲಿಲ್ಲ. ಆದರೆ ದಾದಿಯ ಕೆಲಸವೆಂದರೆ ಇನ್ನೊಬ್ಬರ ಹಸುಗೂಸನ್ನು ಕೈಗೆ ತೆಗೆದುಕೊಳ್ಳುವ ಕೆಲಸ. ಫೈಲು ಗಡ್ಡೆ ಕಟ್ಟಿದವರ ಕೈಗೆ ಯಾರು ಕೂಸು ಕೊಡುತ್ತಾರೆ? ಒಮ್ಮೆ 'ಗಡ್ಡೆ' ಎಂದು ಚೀಟಿ ವಾಪಸು ಬಂತೆಂದರೆ ಮುಗಿಯಿತು, ಮತ್ತೆ ಅವರು ಕರೆಯುವುದಿಲ್ಲ. ಆಮೇಲೆ ಅವಳಿಗೆ ಉಳಿಯುವುದು ಹಿತ್ತಲಿನ ಒಗೆಯುವ ತೊಟ್ಟಿ. ತೊಟ್ಟಿಯ ಕೆಲಸಕ್ಕೆ ಯಾರೂ ಫೈಲು ನೋಡುವುದಿಲ್ಲ.

ನಮ್ಮೂರಲ್ಲಿ ಫೈಲು ಎಂದರೆ ಕಾಗದವಲ್ಲ, ಹಿತ್ತಾಳೆಯ ಬೋಗುಣಿ. ಹೆಸರಿಡುವ ದಿನ ಮಗುವಿನ ಹೆಸರು ಕೆತ್ತಿಸಿ, ಬಾವಿಯ ನೀರು ತುಂಬಿ, ಮುಚ್ಚಳ ಹಾಕಿ ತಂಪುಮನೆಯ ಗೂಡಿನಲ್ಲಿ ಇಟ್ಟು ಬರುತ್ತೇವೆ. ಆ ಮನೆಯೊಳಗೆ ಬೇಸಿಗೆಯಲ್ಲೂ ಉಸಿರು ಹೊಗೆಯಾಗಿ ಕಾಣುತ್ತದೆ. ಬೋಗುಣಿಯಲ್ಲಿ ನೀರು ನೀರಾಗಿ ಇರುವಷ್ಟು ದಿನ ಊರಿನಲ್ಲಿ ನಮ್ಮ ಮಾತು ನಡೆಯುತ್ತದೆ. ಬಾಡಿಗೆಗೆ ಮನೆ ಸಿಗುತ್ತದೆ, ಅಂಗಡಿಯಲ್ಲಿ 'ನಾಳೆ ಕೊಡ್ತೀನಿ' ಎಂದರೆ ಸಾಮಾನು ಕಟ್ಟುತ್ತಾರೆ, ಹೆಣ್ಣು ಕೇಳಿಕೊಂಡು ಬರುತ್ತಾರೆ. ನೀರು ಮಂಜಾಗಿ ಗಡ್ಡೆ ಕಟ್ಟಿತೆಂದರೆ ನಾಳೆ ಎಂಬ ಮಾತನ್ನು ನಾವು ಆಡುವ ಹಾಗೇ ಇಲ್ಲ. ತೊಟ್ಟಿಯಲ್ಲಿ ನನ್ನ ಜೊತೆ ಒಗೆಯುವ ಜಯಲಕ್ಷ್ಮಕ್ಕನ ಮೈದುನನಿಗೆ ಹಾಗಾಗಿತ್ತು. ಕ್ಷೌರದವನು ಅವನಿಗೆ ಅರ್ಧ ಕೆನ್ನೆ ಹೆರೆದು, ದುಡ್ಡು ಕೈಗೆ ಬಂದ ಮೇಲೆ ಇನ್ನರ್ಧ ಹೆರೆಯುತ್ತಿದ್ದನಂತೆ. ಜಯಲಕ್ಷ್ಮಕ್ಕ ಇದನ್ನು ಹೇಳಿ ಹೇಳಿ ನಗುತ್ತಾಳೆ. ಆ ಮೈದುನ ಒಂದು ಮುಂಜಾನೆ ಊರು ಬಿಟ್ಟು ಹೋದದ್ದನ್ನು ಮಾತ್ರ ಹೇಳುವುದಿಲ್ಲ.

ಫೈಲು ಹೇಗಿದೆ ಎಂದು ಹೋಗಿ ನೋಡಬಹುದಲ್ಲ ಎನ್ನಬಹುದು. ನೋಡಲು ಮುಚ್ಚಳ ತೆಗೆಯಬೇಕು. ತೆಗೆದಾಗಲೆಲ್ಲ ಆ ಮನೆಯ ಚಳಿ ಒಂದಿಷ್ಟು ನೀರಿಗಿಳಿಯುತ್ತದೆ. ಮೇಲಿಂದ ಮೇಲೆ ನೋಡಿಸಿಕೊಂಡೇ ಫೈಲು ಗಡ್ಡೆ ಕಟ್ಟಿಸಿಕೊಂಡವರು ನಮ್ಮ ಬೀದಿಯಲ್ಲೇ ಇದ್ದಾರೆ. ಆದ್ದರಿಂದ ನಾವೆಲ್ಲ ನೋಡದೆ, ನೀರೇ ಇರಬೇಕು ಎಂದುಕೊಂಡು ಬದುಕುತ್ತೇವೆ.

ನಾನು ನೋಡದೆ ಇದ್ದದ್ದು ಬೇರೆ ಕಾರಣಕ್ಕೆ. ಪಾರಿಗೆ ನಾಲ್ಕು ವರ್ಷವಾಗಿದ್ದಾಗ ಒಂದು ಮಧ್ಯಾಹ್ನ ಸೈಕಲ್ ಅಂಗಡಿಯವನು ಮನೆ ಮುಂದೆ ನಿಂತು, "ಪಾರಿಜಾತಮ್ಮನೋರು ಇದಾರಾ? ಸೈಕಲ್ ತಗೊಂಡು ಮೂರು ತಿಂಗಳಾಯ್ತು" ಎಂದು ಕೇಳಿದ. ಪಾರಿಜಾತಮ್ಮನೋರು ಜಗಲಿಯ ಮೇಲೆ ಕೂತು ಮಣ್ಣಿನಲ್ಲಿ ರೊಟ್ಟಿ ತಟ್ಟುತ್ತಿದ್ದರು. ವಾರದೊಳಗೆ ರೇಡಿಯೋದವನು ಬಂದ, ಆಮೇಲೆ ಕೈಗಡಿಯಾರದವನು. ಅವಳ ಅಪ್ಪ, ಹಳೆಯ ಬಾಕಿ ಏರಿ ತನ್ನ ಫೈಲಿನ ಮೇಲೆ ಯಾರೂ ಸಾಲ ಕೊಡದಂತಾದಾಗ ಮಗಳ ಫೈಲು ತೋರಿಸಿ ತರತೊಡಗಿದ್ದರು. ಅಪ್ಪ ಜೊತೆಗೆ ನಿಂತರೆ ಅಂಗಡಿಯವರು ಕೂಸಿನ ಫೈಲಿನ ಮೇಲೂ ಕೊಡುತ್ತಾರೆ. ಎಷ್ಟು ಅಂಗಡಿಯವರು ಎಷ್ಟು ಸಲ ನನ್ನ ಮಗುವಿನ ಮುಚ್ಚಳ ತೆಗೆಸಿದ್ದರೋ, ಒಳಗೆ ನೀರು ಉಳಿದಿದೆಯೋ ಇಲ್ಲವೋ. ಅಂದು ನಾನು ಆಡಬಾರದ ಮಾತು ಆಡಿದೆ. ಅವರು ಒಂದಕ್ಕೂ ಎದುರಾಡಲಿಲ್ಲ. ಮಾರನೆಯ ದಿನ ಸಂಜೆ ಮನೆ ಬಿಟ್ಟವರು ತಿರುಗಿ ಬರಲಿಲ್ಲ.

ಎಲ್ಲಿಯೋ ಕೂತು ಮತ್ತೆ ಮಗಳ ಹೆಸರಿನಲ್ಲಿ ಏನು ತರುತ್ತಾರೋ ಎಂಬ ಭಯಕ್ಕೆ ನನಗೆ ತಿಂಗಳೆಲ್ಲ ಅನ್ನ ಸೇರಲಿಲ್ಲ. ಕಡೆಗೆ ಒಂದು ಉಪಾಯ ಹೂಡಿದೆ. ಹೊಳೆಯಲ್ಲಿ ಮುಳುಗಿ ಹೋದರಂತೆ ಎಂದು ಸುದ್ದಿ ಬಂತು ಎಂದೆ. ಸತ್ತವನ ಮಾತಿಗೆ ಯಾರೂ ಏನೂ ಕೊಡುವುದಿಲ್ಲವಲ್ಲ. ಬೀದಿಯ ಹೆಂಗಸರೆಲ್ಲ ಸೇರಿದರು. ನಾನು ಬಳೆ ಒಡೆದುಕೊಂಡೆ, ತಾಳಿ ತೆಗೆದೆ, ಹಣೆ ಒರೆಸಿಕೊಂಡೆ. ತಂಪುಮನೆಯವರು ಅವರ ಬೋಗುಣಿಯನ್ನು ಹೊಳೆಗೆ ಸುರಿದು ಬಂದರು. ಅಳು ಮಾತ್ರ ಸುಳ್ಳಾಗಿರಲಿಲ್ಲ.

ಪಾರಿ ಅಪ್ಪನಿಲ್ಲದವಳಾಗಿ ಬೆಳೆದಳು. ಹದಿನೆಂಟು ತುಂಬುವವರೆಗೆ ಮಕ್ಕಳು ಹೆತ್ತವರ ಫೈಲಿನ ಮೇಲೇ ನಡೆಯುವುದರಿಂದ ಅವಳದನ್ನು ಕೇಳುವ ಪ್ರಸಂಗವೇ ಬರಲಿಲ್ಲ. ಆ ಪ್ರಸಂಗ ಈಗ ಸೋಮವಾರ ಬರಲಿತ್ತು.

ಶುಕ್ರವಾರ ಅರ್ಧ ದಿನದ ರಜೆ ಹಾಕಿ ತಂಪುಮನೆಗೆ ಹೋದೆ. ಅಲ್ಲಿನ ಕೆಲಸದವರನ್ನು ಮುಚ್ಚಳದವರು ಎನ್ನುತ್ತೇವೆ. ಪುಟ್ಟಮಾದಪ್ಪ ಎಂಬ ಹಳೆಯ ಮುಚ್ಚಳದವರು ಎರಡು ಕಂಬಳಿ ಹೊದ್ದು ಬಾಗಿಲಲ್ಲಿ ಕೂತಿದ್ದರು.

"ಸೋಮವಾರ ಹೆಂಗೂ ನೋಡ್ತೀವಲ್ಲವ್ವ. ಈಗ್ಯಾಕೆ ಸುಮ್ನೆ ಚಳಿ ತಾಗಿಸ್ತೀಯ ಮಗೀಗೆ?"

"ಒಂದೇ ಒಂದ್ಸಲ ಸ್ವಾಮಿ. ಗಡ್ಡೆ ಆಗಿದ್ರೆ ನಾನೇ ಹೋಗಿ ಅವಳ ಹೆಸರು ತೆಗೆಸ್ತೀನಿ. ಮುಂದಿನ ವರ್ಷ ನೋಡ್ಕೊಳ್ಳಲಿ. ನಾಲ್ಕು ಜನದ ಮುಂದೆ ಅವಳ ಚೀಟಿ ವಾಪಸು ಬರೋದು ಬ್ಯಾಡ."

ಅವರು ಗೊಣಗುತ್ತಲೇ ಎದ್ದರು. ಗೂಡುಗಳ ಸಾಲಿನ ನಡುವೆ ಅವರ ಹಿಂದೆ ನಡೆದೆ. ಕಾಲಿನ ಹೆಬ್ಬೆರಳು ಮರಗಟ್ಟುತ್ತಿತ್ತು. ಪಾರಿಯ ಬೋಗುಣಿ ಇಷ್ಟು ಚಿಕ್ಕದಿತ್ತೆಂದು ನನಗೆ ಮರೆತೇಹೋಗಿತ್ತು. ಪುಟ್ಟಮಾದಪ್ಪನವರು ಮುಚ್ಚಳ ಎತ್ತಿದರು. ನಾನು ಕಣ್ಣು ಮುಚ್ಚಿಕೊಂಡೆ. ಅವರ ಬೆರಳ ಗಿಣ್ಣು ಟಕ್ ಟಕ್ ಎಂದು ಬಡಿದ ಸದ್ದು ಕೇಳಿಸಿತು. ನೀರಿಗೆ ಬಡಿದರೆ ಹಾಗೆ ಕೇಳಿಸುವುದಿಲ್ಲ.

ಕಣ್ಣು ಮುಚ್ಚಿಕೊಂಡೇ ಬಾಗಿಲತ್ತ ತಿರುಗಿದೆ. ಅವರು, "ತಡಿ, ತಡಿ. ಕಣ್ ಬಿಟ್ಟು ನೋಡವ್ವ ಮೊದ್ಲು" ಎಂದರು. "ಊರೋರೆಲ್ಲ ಮುಚ್ಚಳ ತೆಗ್ದು ತೆಗ್ದು ಆಗೋ ಗಡ್ಡೆ ಸುಣ್ಣದಂಗೆ ಬೆಳ್ಳಗಿರ್ತದೆ. ಇದು ಕನ್ನಡಿ ಹಂಗೈತೆ, ತಳ ಕಾಣ್ತದೆ. ಇದು ಯಾರೋ ಬೇಕು ಅಂತ ಕಟ್ಸಿರೋದು. ಮಗೀನ ಹೆಸರಲ್ಲಿ ಯಾರೂ ಸಾಲ ತರಬಾರದು ಅಂತ ಕೈ ಇಟ್ಟು ಬೀಗ ಹಾಕವ್ರೆ. ನೀನೇ ಏನು?"

ನಾನಲ್ಲ. ಹಾಗೆ ಕಟ್ಟಿಸಬಹುದು ಎಂಬುದೇ ನನಗೆ ಗೊತ್ತಿರಲಿಲ್ಲ. ಬಗ್ಗಿ ನೋಡಿದೆ. ಗಡ್ಡೆಯ ಮೇಲೆ ಒಂದು ಅಂಗೈ ಒತ್ತಿದ ಗುಳಿ ಇತ್ತು. ಅಗಲವಾದ ಕೈ, ಬಿಡಿಸಿಟ್ಟ ಬೆರಳುಗಳು. ಕಿರುಬೆರಳು ಅರ್ಧಕ್ಕೇ ನಿಂತಿತ್ತು.

ಮದುವೆಗೆ ಮೊದಲೇ ಮರ ಕೊಯ್ಯುವ ಮಿಲ್ಲಿನಲ್ಲಿ ಹೋದ ಬೆರಳು ಅದು. ಆ ಅರ್ಧ ಬೆರಳನ್ನು ಹಿಡಿದುಕೊಂಡು ಪಾರಿ ನಡೆಯಲು ಕಲಿತಿದ್ದಳು. ಅವಳ ಮುಷ್ಟಿಗೆ ಅದು ಸರಿಯಾಗಿ ಸಿಗುತ್ತಿತ್ತು.

ಪುಟ್ಟಮಾದಪ್ಪನವರು ಕಂಬಳಿಯೊಳಗಿಂದ ಪುಸ್ತಕ ತೆಗೆದು, ಬೆರಳಿಗೆ ಉಗುಳು ಹಚ್ಚಿ ಹಾಳೆ ಮಗುಚಿದರು. "ಹದಿನಾಲ್ಕು ವರ್ಷದ ಹಿಂದೆ. ಕಾರ್ತೀಕದಾಗೆ. ಕಟ್ಟಿಸಿದವರು, ತಂದೆ. ಕಾರಣ..." ಅವರು ಕಣ್ಣು ಕಿರಿದು ಮಾಡಿಕೊಂಡರು. "ಕಾರಣ, ನನ್ನ ಕೈಗೆ ಸಿಗದೆ ಇರಲಿ ಅಂತ."

ಮನೆ ಬಿಟ್ಟ ಸಂಜೆ ಅವರು ಮೊದಲು ಇಲ್ಲಿಗೆ ಬಂದಿದ್ದರು.

"ಕಟ್ಟಿದ ಕೈಯೇ ಕರಗಿಸ್ಬೇಕು ಕಣವ್ವ. ಅದೇ ಗುಳಿಯೊಳಗೆ ಅದೇ ಕೈ. ಇಲ್ದಿದ್ರೆ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಪುಸ್ತಕ ನೋಡಿದರು, ನನ್ನ ಬರಿ ಹಣೆ ನೋಡಿದರು. ಅವರ ಬಾಯಿಂದ ಬರುತ್ತಿದ್ದ ಹೊಗೆ ನಿಂತಿತು. "ಇಲ್ದಿದ್ರೆ ಕಟ್ಟಿದೋನು ಸಾಯ್ಬೇಕು. ಸತ್ತ ಗಳಿಗೇಲೇ ನೀರಾಗ್ತದೆ. ನಿನ್ ಗಂಡನ ಬೋಗುಣಿ ನಾನೇ ಹೊಳೆಗೆ ಸುರಿದು ಬಂದಿದೀನಲ್ಲವ್ವ. ಹದಿನಾಲ್ಕು ವರ್ಷ ಆಯ್ತು. ಇದು ಯಾಕೆ ಇನ್ನೂ ಹಿಂಗೈತೆ?"

ನಾನು ಸೆರಗನ್ನು ಹಣೆಯ ಮೇಲೆ ಎಳೆದುಕೊಂಡೆ.

"ಬದುಕಿದಾನೆ" ಎಂದರು ಅವರು, ತಮಗೆ ತಾವೇ ಹೇಳಿಕೊಳ್ಳುವಂತೆ. "ಬದುಕಿರೋನ ನೀರ ಸುರಿಸಿಬಿಟ್ಯಾ ನನ್ ಕೈಲಿ?"

ಅವರ ಕಾಲು ಹಿಡಿದುಕೊಂಡೆ. ಸುಳ್ಳು ಸಾವು ಬರೆಸಿದವರ ಫೈಲನ್ನು ಅಂದೇ ಗಡ್ಡೆ ಕಟ್ಟಿಸಿಬಿಡುತ್ತಾರೆ. ಬಾಡಿಗೆ ಮನೆ ಹೋಗುತ್ತದೆ, ತಾಯಿಯ ಹೆಸರು ಕೆಟ್ಟರೆ ಮಗಳನ್ನೂ ಯಾರೂ ಮುಟ್ಟುವುದಿಲ್ಲ. ಅವರು ಕಾಲು ಬಿಡಿಸಿಕೊಂಡು, ಯಾರಾದರೂ ಇದ್ದಾರೇನೋ ಎಂದು ಸಾಲುಗಳತ್ತ ತಿರುಗಿ ನೋಡಿದರು. ಅವರೂ ನನ್ನಷ್ಟೇ ಹೆದರಿದ್ದರು. "ಹೆಣ ನೋಡ್ದೆ ಸುರಿದಿದ್ದು ನಂದೂ ತಪ್ಪೇಯ. ನಾನೇನೂ ಹೇಳಕ್ಕಿಲ್ಲ, ನೀನೂ ಬಾಯಿ ಬಿಡಬ್ಯಾಡ. ಆದ್ರೆ ಸೋಮವಾರ ಚೀಟಿ ಬಂದ್ರೆ ಸುಳ್ಳು ಬರ್ಯಕ್ಕೆ ನನ್ ಕೈಲಾಗಾಕಿಲ್ಲ. ಕಂಡಿದ್ದು ಬರೀತೀನಿ. ಅಷ್ಟ್ರೊಳಗೆ ಅವನ್ನ ಹುಡುಕಿ ಕರ್ಕಂಡ್ ಬಾ. ಕತ್ಲಾದ್ ಮೇಲೆ ಬಂದ್ರೂ ಬಾಗ್ಲು ತೆಗೀತೀನಿ."

ಹೆಸರು ತೆಗೆಸಿಬಿಡೋಣ ಎಂದು ನೇರ ಆಸ್ಪತ್ರೆಗೇ ಹೋದೆ. ಮುಂದಿನ ವರ್ಷಕ್ಕೆ ಮಾತ್ರ ಆ ಗಡ್ಡೆ ಕರಗುತ್ತದೆಯೇ ಎಂದು ದಾರಿಯುದ್ದಕ್ಕೂ ಕೇಳಿಕೊಂಡೆ. ಹಿತ್ತಲಲ್ಲಿ ಜಯಲಕ್ಷ್ಮಕ್ಕ ಪಾರಿಯ ಸೊಂಟಕ್ಕೆ ಒದ್ದೆ ದುಪ್ಪಟಿ ಸುತ್ತಿ, "ಏ ನರ್ಸಮ್ಮ, ನನ್ ಸೊಸೆ ಹೆರಿಗೆಗೆ ಬಂದ್ರೆ ಕೂಸು ಗಂಡೇ ಕೊಡ್ಬೇಕು, ಈಗಲೇ ಹೇಳಿದೀನಿ" ಎಂದು ಅಣಕಿಸುತ್ತಿದ್ದಳು. ಪಾರಿ ತೊಟ್ಟಿಯ ಅಂಚಿನ ಮೇಲೆ ಗಂಭೀರವಾಗಿ ನಿಂತು, "ಸಾಲಾಗಿ ಬನ್ನಿ, ಸಾಲಾಗಿ ಬನ್ನಿ" ಎನ್ನುತ್ತಿದ್ದಳು. ಅಷ್ಟೂ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನು ಹೆಸರು ತೆಗೆಸಲಿಲ್ಲ.

ಶನಿವಾರ, ಮೈ ಹುಷಾರಿಲ್ಲದ ದೊಡ್ಡಮ್ಮನನ್ನು ನೋಡಿ ಬರುತ್ತೇನೆ ಎಂದು ಪಾರಿಗೆ ಹೇಳಿ, ಅವರು ಬೆರಳು ಕಳೆದುಕೊಂಡಿದ್ದ ಹೊಳೆಯ ಕೆಳಗಿನ ಮಿಲ್ಲಿಗೆ ಬಸ್ಸು ಹತ್ತಿದೆ. ಮರದ ಹುಡಿಯ ವಾಸನೆ ಬರುತ್ತಿದ್ದಂತೆ ಇಳಿದೆ. ಯಾರನ್ನೆಂದು ಕೇಳುವುದು? ಹೆಸರು ಹೇಳಿದರೆ ಸತ್ತವನನ್ನು ಹುಡುಕುತ್ತಿದ್ದಾಳೆ ಎಂದು ಊರಿಗೆ ಸುದ್ದಿ ಮುಟ್ಟುತ್ತದೆ. ಸೆರಗು ಮುಖದ ಮೇಲೆ ಎಳೆದುಕೊಂಡು ದೋಣಿಯವನ ಹತ್ತಿರ, "ಅರ್ಧ ಕಿರುಬೆರಳಿನವರೊಬ್ಬರು ಇದ್ದರಲ್ಲ, ಮಿಲ್ಲಿನಲ್ಲಿ" ಎಂದೆ.

"ಬೆರಳಣ್ಣನಾ? ಇದಾನಲ್ಲ, ಆಚೆ ದಡದಾಗೆ" ಎಂದು ಅವನು ಕೈಯಲ್ಲಿದ್ದ ಹುಟ್ಟು ಎತ್ತಿ ತೋರಿಸಿದ. ಹೊಳೆಯ ಆ ಕಡೆ ತಗಡಿನ ಶೆಡ್ಡೊಂದು ಕಾಣುತ್ತಿತ್ತು. "ಮಲಗಿ ಒಂದು ತಿಂಗಳಾತು ಅಕ್ಕ. ಮೈಯೆಲ್ಲ ಹಳದಿ. ಈಗೆರಡು ದಿನದಿಂದ ಗಂಜಿನೂ ಇಳೀತಿಲ್ಲ. ಒಳ್ಳೆ ಮನುಷ್ಯ. ಅಂಗಡೀಲಿ ಒಂದು ಬೀಡಿಕಟ್ಟೂ ನಾಳೆ ಕೊಡ್ತೀನಿ ಅಂತ ತಂದೋನಲ್ಲ. ಕೈಯಾಗೆ ದುಡ್ಡಿದ್ರೆ ಉಂಟು, ಇಲ್ದಿದ್ರೆ ಇಲ್ಲ. ನೀವು ಅವರ ಕಡೆಯೋರಾ?"

ನಾನು ಆಚೆ ದಡದ ತಗಡನ್ನೇ ನೋಡುತ್ತಿದ್ದೆ.

"ಹತ್ತಿ ಅಕ್ಕ. ಹೋಗಿ ಬರೋದು ಅರ್ಧ ಗಂಟೆ."

ಹೊಳೆಯ ಮೆಟ್ಟಿಲ ಮೇಲೆ ನಿಂತು ಲೆಕ್ಕ ಹಾಕಿದೆ. ದೋಣಿ ಹತ್ತಬಹುದು. ಇಬ್ಬರು ಆಳು ಹಿಡಿದರೆ ಅವರನ್ನು ಈಚೆಗೆ ತರಬಹುದು. ಬಾಡಿಗೆ ಕಾರಿನಲ್ಲಿ ಮಲಗಿಸಿ ಕತ್ತಲಾದ ಮೇಲೆ ತಂಪುಮನೆಗೆ ಒಯ್ದು ಆ ಕೈಯನ್ನು ಹಿಡಿದು ಗುಳಿಯಲ್ಲಿ ಇಡಬಹುದು. ಆ ಚಳಿಯಲ್ಲಿ ಅವರು ಉಳಿಯುತ್ತಾರೆಯೇ ಗೊತ್ತಿಲ್ಲ. ಉಳಿದರೆ ಊರಿಗೆ ಏನೆಂದು ಹೇಳುವುದು, ಪಾರಿಗೆ ಏನೆಂದು ಹೇಳುವುದು? ಅಪ್ಪನ ಹೆಸರಲ್ಲಿ ಹದಿನಾಲ್ಕು ಸಲ ಎಡೆ ಇಟ್ಟ ಮಗಳು ಅವಳು. ಪ್ರತಿ ವರ್ಷ ಅಪ್ಪನಿಗೆ ಇಷ್ಟವೆಂದು ಚಿತ್ರಾನ್ನ ತಾನೇ ಕಲಸುತ್ತಿದ್ದಳು.

ಏನೂ ಮಾಡದೆ ತಿರುಗಿ ಹೋಗಲೂಬಹುದು ಎಂಬುದೂ ಆ ಲೆಕ್ಕದಲ್ಲಿ ಬಂತು. ಎರಡು ದಿನದಿಂದ ಗಂಜಿ ಇಳಿದಿಲ್ಲ. ಸೋಮವಾರಕ್ಕೆ ಇನ್ನೂ ಎರಡು ದಿನವಿದೆ.

"ಏನಕ್ಕ, ಬರ್ತೀರಾ ಇಲ್ವಾ? ಬಿಸಿಲು ಏರ್ತಾ ಇದೆ."

"ಇಲ್ಲಪ್ಪ" ಎಂದೆ. "ನಾನು ಹುಡುಕ್ತಿರೋರು ಅವರಲ್ಲ."

ಬಸ್ಸಿನಲ್ಲಿ ಕೂತು ನನ್ನ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡೆ. ಕರಗಲಿ ಎಂದುಕೊಂಡೆ. ಕರಗಲಿ ಎಂದರೆ ಏನೆಂದು ಗೊತ್ತಿದ್ದೂ ಎಂದುಕೊಂಡೆ. ಒಂದು ಸಲವಲ್ಲ, ಊರು ಬರುವವರೆಗೂ.

ಭಾನುವಾರ ಪಾರಿ ತಲೆಗೆ ಎರೆಸಿಕೊಂಡಳು. ಅವಳ ಬೆನ್ನು ತಿಕ್ಕುವಾಗ, "ಅಮ್ಮ, ಕೈ ಯಾಕೆ ಇಷ್ಟು ತಣ್ಣಗಿದೆ?" ಎಂದಳು. ಹಂಡೆಯ ನೀರು ಬಿಸಿಯಿತ್ತು. ಅಂದು ಮೂರು ಸಲ ತಂಪುಮನೆಯ ಬೀದಿಯ ಮೂಲೆವರೆಗೂ ಹೋಗಿ ವಾಪಸು ಬಂದೆ. ಒಳಗೆ ಹೋಗಿ ನೋಡುವ ಧೈರ್ಯವಾಗಲಿಲ್ಲ. ಗಡ್ಡೆಯಾಗಿದ್ದರೆ ನನ್ನ ಮಗಳು ಹೋದಳು. ನೀರಾಗಿದ್ದರೆ ಅವಳಪ್ಪ ಹೋದರು. ಯಾವುದು ಇರಲಿ ಎಂದು ಬೇಡಿಕೊಂಡು ಮುಚ್ಚಳ ತೆಗೆಸಲಿ? ನಾನು ಯಾವುದು ಬೇಡಿಕೊಳ್ಳುತ್ತಿದ್ದೇನೆ ಎಂದು ನನಗೆ ಗೊತ್ತಿತ್ತು. ಅದಕ್ಕೇ ದೇವರ ಗೂಡಿಗೆ ದೀಪ ಹಚ್ಚಲು ಪಾರಿಗೇ ಹೇಳಿದೆ.

ಸೋಮವಾರ ಆರಿಸಿದ ನಾಲ್ಕು ಹುಡುಗಿಯರನ್ನು ಆಸ್ಪತ್ರೆಯ ಮುಂದಿನ ಪಡಸಾಲೆಯಲ್ಲಿ ಬೆಂಚಿನ ಮೇಲೆ ಕೂರಿಸಿದ್ದರು. ನಾನು ಒಗೆದ ಬಟ್ಟೆಯ ಬುಟ್ಟಿ ಹಿಡಿದು ಕಂಬದ ಪಕ್ಕ ನಿಂತಿದ್ದೆ. ಹತ್ತು ಗಂಟೆಗೆ ಚೀಟಿ ತಂಪುಮನೆಗೆ ಹೋಯಿತು. ಹನ್ನೊಂದಾದರೂ ಬರಲಿಲ್ಲ. ಪಾರಿ ನನ್ನತ್ತ ನೋಡಿ ಹುಬ್ಬು ಹಾರಿಸಿದಳು. ಪಕ್ಕದ ಹುಡುಗಿಯ ಜಡೆ ಬಿಚ್ಚಿಹೋಗಿತ್ತು, ಅದನ್ನು ಹೆಣೆದು ಕೊಟ್ಟಳು. ಹನ್ನೊಂದೂವರೆಗೆ ಗೇಟಿನಲ್ಲಿ ಎರಡು ಕಂಬಳಿ ಕಂಡವು. ಪುಟ್ಟಮಾದಪ್ಪನವರು ತಾವೇ ಬಂದಿದ್ದರು. ಮೇಟ್ರನ್ ಅಮ್ಮನವರ ಮೇಜಿನ ಮೇಲೆ ನಾಲ್ಕು ಚೀಟಿ ಇಟ್ಟರು. ನನ್ನ ಕಡೆ ತಿರುಗಲಿಲ್ಲ.

ಮೇಟ್ರನ್ ಅಮ್ಮ ಕನ್ನಡಕ ಹಾಕಿಕೊಂಡು ಒಂದೊಂದೇ ಓದಿದರು. "ಸುಗುಣ, ನೀರು. ಜಾಹೀದಾ, ನೀರು. ಮಲ್ಲಿಕಾ, ನೀರು." ನಾಲ್ಕನೆಯದನ್ನು ಎತ್ತಿ ಬೆಳಕಿಗೆ ಹಿಡಿದರು. ಚೀಟಿ ಒಂದು ಮೂಲೆಯಲ್ಲಿ ಒದ್ದೆಯಾಗಿ ಅಕ್ಷರ ಹರಡಿತ್ತು. "ಇದೇನ್ರಿ ಮಾದಪ್ಪ, ನೆನೆಸಿಕೊಂಡು ತಂದಿದೀರಾ? ಪಾರಿಜಾತ." ಅವರು ಇನ್ನೊಮ್ಮೆ ನೋಡಿದರು. "ನೀರು."

ಪಾರಿ ಕಿರುಚಿದಳು. ಓಡಿ ಬಂದು ನನ್ನನ್ನೂ ಬುಟ್ಟಿಯನ್ನೂ ಸೇರಿಸಿ ಅಪ್ಪಿಕೊಂಡಳು. ಅವಳ ಭುಜದ ಮೇಲಿನಿಂದ ನೋಡಿದೆ. ಪುಟ್ಟಮಾದಪ್ಪನವರು ಈಗ ನನ್ನನ್ನೇ ನೋಡುತ್ತಿದ್ದರು. ಯಾರಾದರೂ ಬಂದು ಕೈ ಇಟ್ಟರೇ ಎಂದು ಕಣ್ಣಿನಲ್ಲೇ ಕೇಳಿದೆ. ಅವರು ಇಲ್ಲವೆಂದು ನಿಧಾನವಾಗಿ ತಲೆಯಾಡಿಸಿ, ಕಂಬಳಿ ತಲೆಯ ಮೇಲೆ ಎಳೆದುಕೊಂಡು ಗೇಟು ದಾಟಿದರು.

"ಅಳ್ತಿದೀಯೇನಮ್ಮ?"

"ಸೋಡಾ ಕಣೆ. ಕಣ್ಣಿಗೆ ತಾಗ್ತು."

"ಅಮ್ಮಾ, ಶುಕ್ರವಾರ ನಾವಿಬ್ರೂ ತಂಪುಮನೆಗೆ ಹೋಗೋಣ. ಹದಿನೆಂಟು ತುಂಬಿದೋರಿಗೆ ಅವರ ಪುಸ್ತಕ ಓದಿ ಹೇಳ್ತಾರಂತೆ, ಹೆಸರಿಟ್ಟ ದಿನದಿಂದ. ಅಪ್ಪ ನೀರು ತುಂಬಿದ್ದೂ ಅದರಲ್ಲಿ ಬರೆದಿರುತ್ತಲ್ವಾ?"

"ಬರೆದಿರುತ್ತೆ" ಎಂದೆ.

ಅವಳಿಗೆ ಅಳತೆಯ ಬಟ್ಟೆ ಕೊಡಲು ಒಳಗೆ ಕರೆದರು. ನಾನು ಹಿತ್ತಲಿಗೆ ಬಂದೆ. ಜಯಲಕ್ಷ್ಮಕ್ಕ ಏನೋ ಕೂಗಿದಳು, ಹೆಂಗಸರು ಚಪ್ಪಾಳೆ ತಟ್ಟಿದರು. ನಾನು ನಕ್ಕೆ ಎಂದು ಕಾಣುತ್ತದೆ. ತೊಟ್ಟಿಯ ಮುಂದೆ ಕೂತು ತೋಳು ಮಡಚಲು ಹೋದವಳು ಕೈಗಳನ್ನೇ ನೋಡುತ್ತ ಕೂತೆ. ಗಂಡ ಸತ್ತ ಗಳಿಗೆಯಲ್ಲಿ ಹೆಂಗಸು ಏನೇನು ಮಾಡಬೇಕೋ ಅದೆಲ್ಲ ನನಗೆ ಗೊತ್ತಿತ್ತು. ಒಂದು ಮಣಿಕಟ್ಟನ್ನು ಇನ್ನೊಂದು ಕೈಯಿಂದ ಹಿಡಿದು ಮೇಲೆ ಕೆಳಗೆ ಸವರಿದೆ. ಒಡೆಯಲು ಬಳೆ ಇರಲಿಲ್ಲ, ತೆಗೆಯಲು ತಾಳಿ ಇರಲಿಲ್ಲ, ಒರೆಸಲು ಹಣೆಯ ಮೇಲೆ ಕುಂಕುಮವಿರಲಿಲ್ಲ. ಎಲ್ಲವನ್ನೂ ಹದಿನಾಲ್ಕು ವರ್ಷ ಮೊದಲೇ ಮಾಡಿ ಮುಗಿಸಿದ್ದೆ.

"ಏನ್ ಹುಡುಕ್ತಿದೀಯೇ?" ಎಂದಳು ಜಯಲಕ್ಷ್ಮಕ್ಕ.

ಏನಿಲ್ಲ ಎಂದು ದುಪ್ಪಟಿಯನ್ನು ನೀರಿಗೆ ಹಾಕಿದೆ.